ಟೈಲರ್ ಅಕ್ಕನ ಎರಡು ಪಾಲಿಸಿ

ಮೊನ್ನೆ ಬೀರುವಿನಿಂದ ಹಳೆಯ ಹಸಿರು ರವಿಕೆ ತೆಗೆದಾಗ ಮೂಗಿಗೆ ಬಡಿದದ್ದು ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ. ಇಷ್ಟು ವರ್ಷ ಅದು ಉಳಿದೀತೇ? ನನ್ನ ಮೂಗೇ ಕಲ್ಪಿಸಿಕೊಂಡಿರಬಹುದು... ಒಳಮಗ್ಗುಲು ತಿರುಗಿಸಿದರೆ ಎರಡು ಸಾಲು ಹೊಲಿಗೆ. ಮೈ ಬಂದರೆ ಒಳಗಿನ ಸಾಲು ಬಿಚ್ಚಿಕೋ, ಆಚೆಯದು ಹಿಡಿಯುತ್ತೆ ಅನ್ನುತ್ತಿದ್ದರು ಟೈಲರ್ ಅಕ್ಕ.

ಕೊರಟಗೆರೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಗಂಡ ಬಸ್ ಓಡಿಸುತ್ತಿದ್ದರು. ಮನೆಯ ಮಾತುಕತೆಯೆಲ್ಲ ಅಕ್ಕನದೇ. ಪುರವರದಲ್ಲಿದ್ದ ಅಣ್ಣನ ಮಗ ಇನ್ಶೂರೆನ್ಸ್ ಏಜೆಂಟಾದಾಗ ಅವನಲ್ಲಿ ತಮ್ಮ ಹೆಸರಿಗೊಂದು ಆರೋಗ್ಯ ಪಾಲಿಸಿ ಮಾಡಿಸಿದರು. ಮುಂದೆ ನಾದಿನಿಯ ಮಗಳೂ ಬೇರೊಂದು ಕಂಪನಿಯ ಏಜೆಂಟಾದಳು. "ತವರಿನೋರ್ದು ಮಾತ್ರ ಸಾಕಾ ಅತ್ತೆ? ನಾವೇನ್ ಪರದೇಸಿಗಳಾ?" ಎಂದಳು. ಅವಳಲ್ಲೂ ಒಂದು ಮಾಡಿಸಿದರು. ಅದನ್ನು ಅಣ್ಣನ ಮಗನಿಗೆ ಮಾತ್ರ ಹೇಳಲಿಲ್ಲ.

ಆಮೇಲೆ ಅಕ್ಕನ ಹೃದಯದ ಕವಾಟ ಕೆಟ್ಟಿತು. ಬೇಗ ಆಪರೇಷನ್ ಆಗಬೇಕೆಂದರು ತುಮಕೂರಿನ ಡಾಕ್ಟರು. ಒಂದು ಪಾಲಿಸಿ ಸಾಲುತ್ತಿರಲಿಲ್ಲ. ಉಳಿದದ್ದನ್ನು ಎರಡನೆಯದರಿಂದ ಪಡೆಯಬಹುದು, ಅದರಲ್ಲಿ ತಪ್ಪೇನಿಲ್ಲ ಎಂದು ನಾನು ಓದಿ ಹೇಳಿದೆ. ಅಕ್ಕನ ಅಳುಕು ಬೇರೆಯೇ ಇತ್ತು: ಎರಡನ್ನೂ ಬಳಸಿದರೆ ಅಣ್ಣನ ಮಗನಿಗೆ ಗೊತ್ತಾಗಿಬಿಡುತ್ತದೆ.

"ನನ್ ಮ್ಯಾಲೆ ನಂಬ್ಕೆ ಇಲ್ವಾ ಅಂದ್ರೆ ಏನ್ ಹೇಳ್ಲಿ? ಅಣ್ಣ ಹೋದ್ಮೇಲೆ ಗೌರಿ ಹಬ್ಬಕ್ಕೆ ಬಾಗಿನ ತರೋನು ಅವನೊಬ್ನೇ ಕಣಮ್ಮ. ಹಬ್ಬ ಮುಗೀಲಿ, ಎದುರಿಗೆ ಕೂರ್ಸ್ಕಂಡು ಹೇಳ್ಬುಡ್ತೀನಿ. ಆಪರೇಷನ್ ಆಮೇಲೆ."

ಹಬ್ಬಕ್ಕೆ ಅವನು ಬಂದ. "ಯಾಕತ್ತೆ, ಮಖ ಇಂಗೆ ಬಾಡೈತೆ?" ಎಂದು ಕೇಳಿದ. ಅಕ್ಕ ಸೆರಗಿನಲ್ಲಿ ಬಾಗಿನ ತೆಗೆದುಕೊಂಡು ನಕ್ಕರು. ನಕ್ಕರೋ, ಆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ... ಹೇಳಲಿಲ್ಲ ಎನ್ನುವುದು ಮಾತ್ರ ಖಚಿತ.

ಕೆಲವೇ ದಿನಗಳಲ್ಲಿ ಅಕ್ಕ ಮಿಷನ್ ಮೇಲೆಯೇ ಕುಸಿದರು. ಆಸ್ಪತ್ರೆಯ ಬೆಂಚಿನಲ್ಲಿ ನಾದಿನಿಯ ಮಗಳು ಅಣ್ಣನ ಮಗನಿಗೆ ಎಲ್ಲ ಹೇಳಿದಳು. ಅವನೆಂದ:

"ನಂಗೆ ಹೋದ್ವರ್ಸಾನೇ ಗೊತ್ತು. ಎಲ್ಡಿದ್ರೆ ಒಳ್ಳೇದೇ ಅಲ್ವಾ? ಕೇಳಿದ್ರೆ ಅತ್ತೆ ನೊಂದ್ಕಂತಾರೆ ಅಂತ ಸುಮ್ಕಿದ್ದೆ."

ಇಬ್ಬರೂ ಅಲ್ಲೇ ಕೂತು ಎರಡೂ ಕಂಪನಿಗಳಿಗೆ ಫೋನು ಮಾಡತೊಡಗಿದರು. ಆಪರೇಷನ್‌ಗೆ ಒಪ್ಪಿಗೆಯೂ ಬಂತು. ಆದರೆ ಅಕ್ಕ ಅಷ್ಟು ಹೊತ್ತು ಕಾಯಲಿಲ್ಲ.

ರವಿಕೆ ಈಗ ನನಗೆ ಬಿಗಿ. ಒಳಗಿನ ಸಾಲನ್ನು ಮೆಲ್ಲಗೆ ಬಿಚ್ಚಿದೆ. ಆಚೆಯ ಸಾಲು ಗಟ್ಟಿಯಾಗಿ ಹಿಡಿದುಕೊಂಡಿತು, ಮೈಗೆ ಸರಿಯಾಗಿ ಕೂತಿತು. ಪಕ್ಕದ ಮನೆಗೆ ಹೋಗಿ ತೋರಿಸೋಣವೆಂದರೆ ಅವರಿಲ್ಲ.