ಕೇಳದೆ ಬಡಿಸಿದ ರೊಟ್ಟಿ

ಆತಿಥ್ಯ... ಆತಿಥ್ಯ ಏನೋ ಒಂದು. ಹಾಂ, ಆತಿಥ್ಯ ನಿರ್ವಹಣೆ! ಮೊಮ್ಮಗಳು ಸಾವಿತ್ರಿ ಕೊಪ್ಪಳದ ಕಾಲೇಜಿನಲ್ಲಿ ಅದನ್ನು ಓದುತ್ತಾಳೆ, ಜೊತೆಗೆ ವ್ಯಾಪಾರವನ್ನೂ ಕಲಿಸುತ್ತಾರಂತೆ. ಪಾಸಾದರೆ ಹೊಸಪೇಟೆಯ ಹೋಟೆಲಿನಲ್ಲಿ ಕೆಲಸ. ಬಡಿಸುವ ಪರೀಕ್ಷೆಗೆ ಮನೆಯವರೇ ಊಟಕ್ಕೆ ಕೂರಬೇಕೆಂದು ಕಾಲೇಜಿನವರು ಹೇಳಿದರು. ಕುಷ್ಟಗಿಯಲ್ಲಿ ಹುಟ್ಟಿ, ಮದುವೆಯಾಗಿ ಮೈಸೂರು ಸೇರಿದ ನಾನು ಅದಕ್ಕೆಂದೇ ರೈಲು ಹತ್ತಿ ಬಂದೆ.

ಪರೀಕ್ಷೆಯಲ್ಲಿ ಸಾವಿತ್ರಿ ಬಡಿಸಿದ ಮೊದಲ ರೊಟ್ಟಿ ಮುಗಿಯಿತು. ಇನ್ನೊಂದು ಬೇಕೆಂದು ಬಾಯಿಬಿಟ್ಟು ಕೇಳುವುದು ನಮ್ಮ ಕಡೆ ನಾಚಿಕೆಗೇಡು. ಬಡಿಸುವವರೇ ಒತ್ತಾಯ ಮಾಡಬೇಕು. ಖಾಲಿ ತಟ್ಟೆ ನೋಡುತ್ತ ಸುಮ್ಮನೆ ಕೂತೆ. ಹುಡುಗಿಗೆ ತಡೆಯಲಾಗಲಿಲ್ಲ.

"ಉಣ್ಣಬೇ ಅಜ್ಜಿ, ನನ್ನಾಣಿ ಐತಿ," ಎಂದು ಇನ್ನೊಂದು ಹಾಕಿಬಿಟ್ಟಳು.

"ಕೇಳದ ಬಡಸಬಾರದು. ಫೇಲ್!" ಎಂದ, ಪರೀಕ್ಷೆ ನಡೆಸುತ್ತಿದ್ದ ಮಾಸ್ತರರು ನನ್ನ ತಟ್ಟೆಯನ್ನೂ ಎತ್ತಿಸಿದರು.

ನನಗೆ ಮೈಯೆಲ್ಲ ಉರಿಯಿತು. "ಅಲ್ರೀ ಸರ, ನಿಮ್ಮವ್ವ ನೀವು ಕೇಳಿದ ಮ್ಯಾಲೆ ಬಡಸ್ತಾಳೇನು?"

"ಮನಿ ಬ್ಯಾರೆ, ಹೋಟೆಲ್ ಬ್ಯಾರೆ, ಅಮ್ಮಾರ. ರೂಲ್ಸ್ ಅದಾವ."

"ಬೆಂಕಿ ಹಚ್ರಿ ನಿಮ್ಮ ರೂಲ್ಸಿಗೆ!"

ಹೊರಗೆ ಬಂದ ಸಾವಿತ್ರಿ ಬಿಕ್ಕಿ ಬಿಕ್ಕಿ ಅತ್ತಳು.

"ಅಳಬ್ಯಾಡ, ಪೆನ್ನು ತಗಿ," ಎಂದೆ. "ಪ್ರಿನ್ಸಿಪಾಲರಿಗೆ ಬರಿ. ಮೈಸೂರಿಂದ ಉಣ್ಣಾಕ ಕರಿಸಿ, ಅರ್ಧ ಹೊಟ್ಟ್ಯಾಗ ಎಬ್ಬಿಸಿ ಕಳಿಸ್ಯಾರ ಅಂತ ಬರಿ. ಸಹಿ ನಾ ಮಾಡ್ತೀನಿ."