ಮಶೀನಿನ ಎಳೆತ, ಅತ್ತೆಯ ಹೆಜ್ಜೆ

ಮುದ್ದೇಬಿಹಾಳದಿಂದ ನಾಲತವಾಡಕ್ಕೆ ಹೋಗುವ ರಸ್ತೆಯಲ್ಲಿ ನಾವೊಂದು ಸಣ್ಣ ಈಜುಕೊಳ ನಡೆಸುತ್ತೇವೆ. ನಾವು ಅಂದರೆ ನಾನು ಮತ್ತು ನನ್ನ ಗಂಡ. ಕೂಗಾಡುವ ಕೆಲಸ ಅವರದು, ಉಳಿದದ್ದೆಲ್ಲ ನನ್ನದು. ಗಾಳಿ ಬೀಸಿತೆಂದರೆ ಸುತ್ತಲಿನ ಹೊಲಗಳ ಎರೆಮಣ್ಣಿನ ಧೂಳೆಲ್ಲ ನಮ್ಮ ನೀರಿಗೇ. ಅದನ್ನು ತೆಗೆಯಲು ಒಂದು ಮಶೀನಿದೆ. ಉದ್ದ ಪೈಪಿನ ತುದಿಗೆ ಸಿಕ್ಕಿಸಿ ನೀರಿಗೆ ಬಿಟ್ಟರೆ, ಪಂಪಿನ ಎಳೆತಕ್ಕೆ ತಾನೇ ತಳದಲ್ಲಿ ತಿರುಗಾಡುತ್ತ ಕಸ ಹೀರಿಕೊಳ್ಳುತ್ತದೆ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕೈಯೂ ಮರಳಿತು, ಬಲಗಾಲು ಮಾತ್ರ ಮುನಿಸಿಕೊಂಡು ಕೂತಿತು. ಎದೆಮಟ್ಟದ ನೀರಿನಲ್ಲಿ ನಡೆಸಿ, ಶಕ್ತಿ ಬರುತ್ತದೆ ಎಂದರು ಡಾಕ್ಟರು. ಕೊಳವೇ ನಮ್ಮದು, ಇನ್ನೇನು ಬೇಕು! ದಿನಾ ಬೆಳಿಗ್ಗೆ ಜನ ಬರುವ ಮೊದಲು ನಮ್ಮವರು ತಾಯಿಯನ್ನು ನೀರಿಗಿಳಿಸಿ, ಎರಡೂ ರಟ್ಟೆ ಹಿಡಿದು ನಿಲ್ಲುತ್ತಿದ್ದರು.

"ಹೆದರಬ್ಯಾಡ ಯವ್ವಾ, ನಾ ಹಿಡದೀನಿ."

ಅತ್ತೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹೀಗೇ ತಿಂಗಳು ಕಳೆಯಿತು. ಒಂದು ದಿನ ಊಟಕ್ಕೆ ಕೂತಾಗ ನಮ್ಮವರು, "ಇನ್ನ ಸಾಕು. ಗಾಲಿ ಕುರ್ಚಿ ತರ್ತೇನಿ" ಅಂದುಬಿಟ್ಟರು. ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು "ನಾಳೆ ಒಂದ ದಿನ ನೋಡೂಣ್ರಿ" ಎಂದು ಹಟ ಹಿಡಿದೆ.

ಮರುದಿನ ಹೋಗಿ ನೋಡಿದರೆ ತಳದ ತುಂಬ ಧೂಳು. ಮಶೀನು ಮೂಲೆಯಲ್ಲಿ ಅಂಟಿಕೊಂಡು ನಿಂತುಬಿಟ್ಟಿದೆ. ಅತ್ತೆಯನ್ನು ದಂಡೆಯ ಕುರ್ಚಿಯಲ್ಲಿ ಕೂರಿಸಿ, ನಮ್ಮವರು ಪಂಪಿನ ಕೋಣೆಗೆ ಹೋಗಿ ಎಳೆತ ಹೆಚ್ಚಲೆಂದು ವಾಲ್ವನ್ನು ಪೂರ್ತಿ ತೆರೆದು ಬಂದರು. ಮಶೀನು ಇನ್ನಷ್ಟು ಗಟ್ಟಿಯಾಗಿ ಕೂತಿತು.

"ಅಯ್ಯ, ಎಳೆತ ಹೆಚ್ಚಾಗೇ ಅದು ಕಚ್ಚಿ ಕುಂತೈತ್ರಿ! ಕಡಿಮಿ ಮಾಡ್ರಿ" ಎಂದೆ.

"ನಿನಗೇನ ತಿಳೀತೈತಿ? ಜೋರ ಇದ್ರ ತಾನ ಓಡ್ತೈತಿ."

ಇವರ ಹತ್ತಿರ ವಾದ ಮಾಡಿ ಗೆದ್ದವರುಂಟೆ? ನಾನೇ ದಡದಡ ಹೋಗಿ ವಾಲ್ವನ್ನು ಅರ್ಧಕ್ಕೆ ತಂದೆ. ಹೊರಗೆ ಬರುವಷ್ಟರಲ್ಲಿ ಮಶೀನು ಮೂಲೆ ಬಿಟ್ಟು ನಿಧಾನಕ್ಕೆ ಹೊರಟಿತ್ತು. ಅದು ಹೋದ ದಾರಿಯಲ್ಲಿ ನೀಲಿ ತಳ ಕಾಣುತ್ತಿತ್ತು.

ಅತ್ತೆ ಕುರ್ಚಿಯಿಂದಲೇ ಮಗನನ್ನು ಕರೆದರು. "ನೋಡಿದ್ಯಾ? ನನ್ನೂ ಹಂಗ ಬಿಗಿ ಹಿಡೀತಿ ನೀ. ಕಾಲ ಎತ್ತಾಕ ಎಲ್ಲಿ ಬಿಟ್ಟಿ?"

"ಬಿಟ್ರ ಬೀಳ್ತೀಯವ್ವಾ."

"ನೀರಾಗ ಎಲ್ಲಿ ಬೀಳ್ಲೋ, ಹುಚ್ಚಪ್ಪಾ!"

"ಮತ್ತ ಇಷ್ಟ ದಿನ ಯಾಕ ಹೇಳ್ಲಿಲ್ಲ?"

"ನಿನ್ನ ಕೈ ನಡಗತಿದ್ವು. ಹೆಂಗ ಹೇಳ್ಲಿ?"

ನಮ್ಮವರು ತಮ್ಮ ಕೈಗಳನ್ನೇ ನೋಡಿಕೊಂಡರು. ಅವರ ಸಿಟ್ಟೆಲ್ಲ ಬರೀ ಹೆದರಿಕೆ ಎಂದು ತಾಯಿಗೆ ಗೊತ್ತಿತ್ತು. ಇಷ್ಟು ವರ್ಷ ಬಾಳ್ವೆ ಮಾಡಿದ ನನಗೆ ಅದು ಹೊಳೆದಿರಲಿಲ್ಲ ನೋಡಿ.

ತಳ ತಿಳಿಯಾದ ಮೇಲೆ ಪಂಪು ನಿಲ್ಲಿಸಿ ಮಶೀನನ್ನು ಮೇಲೆತ್ತಿದೆವು. ನಾನು ನೀರಿಗಿಳಿದು ಎದುರಿನ ದಂಡೆಯ ಕಂಬಿಯ ಹತ್ತಿರ ನಿಂತೆ. ನಮ್ಮವರು ಅತ್ತೆಯನ್ನು ಇಳಿಸಿ, ರಟ್ಟೆ ಹಿಡಿದಿದ್ದ ಬೆರಳು ಒಂದೊಂದಾಗಿ ಸಡಿಲಿಸಿದರು. ಅತ್ತೆ ಒಮ್ಮೆ ವಾಲಿದರು. ಆದರೆ ನೀರು ಅವರನ್ನು ಬೀಳಗೊಡಲಿಲ್ಲ. ಬಲಗಾಲು ಮುಂದೆ ಬಂತು. ತಡೆದು ಎಡಗಾಲು. ಮತ್ತೆ ಬಲಗಾಲು. "ಬರ್ರಿ ಅತ್ತ್ಯಾರ, ಬರ್ರಿ!" ಎಂದು ನಾನು ಅಳುತ್ತಲೇ ಕೂಗುತ್ತಿದ್ದೆ. ಅತ್ತೆ ಬಂದು ನನ್ನ ಪಕ್ಕದ ಕಂಬಿ ಹಿಡಿದೇ ನಿಂತರು.

ನಮ್ಮವರು ಇದ್ದಲ್ಲೇ ಇದ್ದರು, ನೀರಿನಲ್ಲಿ ಎರಡೂ ಕೈ ಚಾಚಿಕೊಂಡು.

"ಯವ್ವಾ, ಭಾಳ ದೂರ ಹೋಗಬ್ಯಾಡ" ಎಂದರು.

ಅತ್ತೆ ತಿರುಗಿ ಒಂದು ಕೈ ನೀಡಿದರು.

"ಇಲ್ಲೇ ಅದೀನೋ. ಬಾ, ನೀನೂ ಬಾ."