ಕಚ್ಚಿಸಿಕೊಂಡ ಬೆರಳು

ಡಾಕ್ಟರಮ್ಮನ ಎಡಗೈಯ ತೋರುಬೆರಳಿನ ತುಂಬ ಹಲ್ಲಿನ ಗುರುತುಗಳಿದ್ದವು. ಹೆಚ್ಚಿನವು ಮಾಸಿದ ಬಿಳಿ ಗೆರೆಗಳು, ಒಂದೆರಡು ಇನ್ನೂ ಕೆಂಪಗೆ. ಸುಂಟಿಕೊಪ್ಪ, ಮಾದಾಪುರದ ಸುತ್ತಲಿನ ಮಕ್ಕಳೆಲ್ಲ ಕಚ್ಚಿ ಬಿಟ್ಟ ಬೆರಳು ಅದು. ಅದರಲ್ಲಿ ಒಂದು ಗುರುತು ನನ್ನ ಮಗಳದ್ದು.

ಸುಂಟಿಕೊಪ್ಪದಲ್ಲಿ ಬೇಕರಿಯ ಪಕ್ಕ, ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು. "ಅವರು ಮಾರ್ತಾರೆ, ನಾನು ರಿಪೇರಿ ಮಾಡ್ತೀನಿ" ಎಂದು ಬೇಕರಿಯ ಕಡೆ ಕೈ ತೋರಿಸಿ ನಗುತ್ತಿದ್ದರು. ತೋಟದ ಕೂಲಿಯವರ ಲೈನ್ ಮನೆಯವರೊಂದಿಗೆ ತಮಿಳು, ಬೇಕರಿಯವನೊಂದಿಗೆ ಮಲಯಾಳಂ, ನಮ್ಮೊಂದಿಗೆ ಕನ್ನಡ. ಮಕ್ಕಳು ಮಾತ್ರ ಯಾವ ಮನೆಯವರಾದರೂ ಅವರಿಗೆ "ಕುಂಞಿ", ಅಂದರೆ ಪುಟ್ಟ ಮಗು.

ಮಗಳಿಗೆ ಆಗ ನಾಲ್ಕು ವರ್ಷ. ಮುಂದಿನ ಹಲ್ಲುಗಳು ಕಂದುಬಣ್ಣಕ್ಕೆ ತಿರುಗಿ ಸವೆಯುತ್ತಿದ್ದುದನ್ನು ನಾನು ನೋಡಿಯೂ ಸುಮ್ಮನಿದ್ದೆ. "ಬಿದ್ದೋಗೋ ಹಲ್ಲಿಗೆ ಎಂಥ ಡಾಕ್ಟ್ರು?" ಎಂದು ಅತ್ತೆ ಹೇಳಿದ್ದು ನನಗೂ ಸರಿಯೆನಿಸಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಗುವಿನ ಕೆನ್ನೆ ಊದಿ, ಕಣ್ಣು ಅರ್ಧ ಮುಚ್ಚಿಹೋಗಿತ್ತು. ಮೈ ಸುಡುತ್ತಿತ್ತು. ತಲೆಯನ್ನೂ ಬಾಚದೆ, ಅತ್ತೆಯನ್ನು ಕರೆದುಕೊಂಡು ಸುಂಟಿಕೊಪ್ಪದ ಬಸ್ಸು ಹತ್ತಿದೆ.

ಡಾಕ್ಟರಮ್ಮ ಬೆರಳಿಟ್ಟದ್ದೇ ತಡ, ಮಗಳು ಕಚ್ಚಿದಳು. ನಾನು ಗದರಿದೆ. ಅವರು ಬೆರಳು ತೆಗೆಯಲೇ ಇಲ್ಲ. "ಕಚ್ಲಿ ಬಿಡಿ. ಪಾಪ, ಅವಳಿಗೆ ಬೇರೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗುತ್ತೆ?" ಆಮೇಲೆ ಟಾರ್ಚನ್ನೂ ಪುಟ್ಟ ಕನ್ನಡಿಯನ್ನೂ ನನ್ನ ಕೈಗೇ ಕೊಟ್ಟರು. "ಹಾಳಾಗಿರೋದು ಎಷ್ಟು, ನೀವೇ ಎಣಿಸಿ." ಎಂಟಕ್ಕೆ ಬರುವಷ್ಟರಲ್ಲಿ ಎಣಿಸುವುದು ಬಿಟ್ಟು ಕನ್ನಡಿಯನ್ನು ಅವರಿಗೇ ವಾಪಸು ಕೊಟ್ಟೆ. ನಾನೇ ಹೆತ್ತು ಸಾಕಿದ ಮಗುವಿನ ಬಾಯೊಳಗೆ ಇಷ್ಟೆಲ್ಲ ಆಗಿತ್ತು, ನನಗೇ ಗೊತ್ತಿರಲಿಲ್ಲ.

"ಬಾಟಲಿಗೆ ಏನು ಹಾಕಿ ಕೊಡ್ತೀರಿ?"

"ಬೆಲ್ಲದ ಕಾಫಿ. ನಮ್ಮತ್ತೆ..."

"ಯಾರು?"

ಅತ್ತೆಯ ಮೇಲೆ ಹಾಕಿ ಪಾರಾಗಬೇಕೆಂದಿದ್ದೆ. ಆ ಕಣ್ಣಿನ ಎದುರು ಆಗಲಿಲ್ಲ. ಎಸ್ಟೇಟ್ ಆಫೀಸಿಗೆ ಹೊರಡುವಾಗ ಅಳದಿರಲಿ ಎಂದು ಬಾಟಲಿ ಕೈಗಿಡುತ್ತಿದ್ದವಳು ನಾನೇ. ಮಲಗುವಾಗ ಬಾಯಿಗಿಡುತ್ತಿದ್ದವಳೂ ನಾನೇ.

"ಎಲ್ಲಾ ಕಿತ್ತುಬಿಡಿ ಮೇಡಂ, ಹೇಗೂ ಹೊಸದು ಬರುತ್ತಲ್ಲ" ಎಂದು ಹೊರಗೆ ಕೂತಿದ್ದ ಅತ್ತೆ ಬಾಗಿಲಿಗೆ ಬಂದು ಹೇಳಿದರು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. "ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡೀತೀರಲ್ವಾ? ಹಾಲುಹಲ್ಲು ಅಂದ್ರೆ ಆ ಟವೆಲ್ಲು. ಹಿಂದಿಂದು ಹತ್ತು ಹನ್ನೊಂದು ವರ್ಷದವರೆಗೂ ಸೀಟು ಹಿಡ್ಕೊಂಡಿರ್ಬೇಕು. ಈಗಲೇ ಎಲ್ಲಾ ತೆಗೆದ್ರೆ ಬರೋ ಹಲ್ಲು ಎಲ್ಲಿ ಕೂರುತ್ತೆ?"

ಕೀವಾದ ಒಂದನ್ನು ಮಾತ್ರ, ಬಾವು ಇಳಿದ ಮೇಲೆ ತೆಗೆಯುವುದು. ಉಳಿದ ಹಿಂದಿನವಕ್ಕೆ ಕ್ಯಾಪು. ಅದನ್ನೆಲ್ಲ ಅವರೇ ತೀರ್ಮಾನಿಸಿದರು. ಮುಂದಿನ ನಾಲ್ಕನ್ನು ಮಾತ್ರ ನನಗೆ ಬಿಟ್ಟರು. ಒಂದು ಮದ್ದು ಹಚ್ಚಿದರೆ ನೋವಿಲ್ಲದೆ ಹುಳುಕು ಅಲ್ಲಿಗೇ ನಿಲ್ಲುತ್ತದೆ, ಆದರೆ ಹುಳುಕಿನ ಜಾಗ ಇದ್ದಿಲಿನ ಹಾಗೆ ಕಪ್ಪಾಗುತ್ತದೆ, ಬೀಳುವವರೆಗೂ ಹಾಗೇ. ಬೇಡವೆಂದರೆ ಮೈಸೂರಿಗೆ ಹೋಗಿ, ಮಗುವಿಗೆ ಪ್ರಜ್ಞೆ ತಪ್ಪಿಸಿ ಸರಿಮಾಡಿಸಬೇಕು. "ಯೋಚ್ನೆ ಮಾಡಿ ನೀವೇ ಹೇಳಿ." ಪ್ರಜ್ಞೆ ತಪ್ಪಿಸುವುದೆಂದ ಕೂಡಲೇ ಹೆದರಿ, ಮದ್ದು ಹಚ್ಚಿ ಎಂದುಬಿಟ್ಟೆ.

ಹಚ್ಚಿದ ಮಾರನೆಯ ದಿನ ಮಗಳು ನಕ್ಕಳು. ನಾಲ್ಕೂ ಕಪ್ಪು! "ಅಯ್ಯೋ, ಹೆಣ್ಣು ಮಗೀಗೆ ಎಂಥ ಮಾಡ್ಸ್ಕೊಂಡು ಬಂದೆ?" ಎಂದು ಅತ್ತೆ ಕೂತೇಬಿಟ್ಟರು. ಎದುರಿಗೆ ಮೈದುನನ ಮದುವೆ. ನಾನು ಡಾಕ್ಟರಮ್ಮನಿಗೆ ಫೋನು ಮಾಡಿ ಕೂಗಾಡಿದೆ. ಮಗುವಿನ ಮುಖ ಹಾಳುಮಾಡಿದಿರಿ ಎಂದೂ ಅಂದೆ.

ಅವರು ಪೂರ್ತಿ ಕೇಳಿಸಿಕೊಂಡರು. "ನೋವಿದ್ಯಾ?"

"ಇಲ್ಲ."

"ರೊಟ್ಟಿ ತಿಂತಾಳಾ?"

"ತಿಂತಾಳೆ."

"ಹಾಗಾದ್ರೆ ನಾಚಿಕೆ ಆಗ್ತಿರೋದು ಯಾರಿಗೆ?"

ನಾನು ಫೋನಿಟ್ಟುಬಿಟ್ಟೆ. ಮದುವೆಯ ಫೋಟೋಗಳಲ್ಲೆಲ್ಲ ಮಗಳು ಬಾಯಿತುಂಬ ಕಪ್ಪಗೆ ನಕ್ಕಿದ್ದಾಳೆ. ಮುಖ ಗಂಟಿಕ್ಕಿಕೊಂಡವಳು ನಾನೊಬ್ಬಳೇ.

ಆಮೇಲೆ ಆರಾರು ತಿಂಗಳಿಗೆ ಮದ್ದು ಹಚ್ಚಿಸಲು ಹೋಗುತ್ತಿದ್ದೆವು. ಪ್ರತಿ ಸಲವೂ ಡಾಕ್ಟರಮ್ಮ ಮಗಳಿಗೆ ಹೇಳುತ್ತಿದ್ದರು: "ಕುಂಞಿ, ಹಲ್ಲು ಬಿದ್ದಾಗ ಫಸ್ಟು ನಂಗೇ ತಂದು ತೋರಿಸ್ಬೇಕು." ಫೋನಿನಲ್ಲಿ ಕೂಗಾಡಿದ್ದಕ್ಕೆ ಇವತ್ತಾದರೂ ತಪ್ಪಾಯಿತು ಅನ್ನಬೇಕೆಂದು ನಾನೂ ಪ್ರತಿ ಸಲ ಅಂದುಕೊಂಡು ಹೋಗುತ್ತಿದ್ದೆ. ಎದುರು ಕೂತರೆ ಮುಂದಿನ ತಾರೀಖು ಕೇಳಿಕೊಂಡು ಎದ್ದು ಬರುತ್ತಿದ್ದೆ.

ಎರಡೂವರೆ ವರ್ಷದ ಮೇಲೆ ಮೊದಲ ಕಪ್ಪು ಹಲ್ಲು ತಾನಾಗಿ ಬಿತ್ತು. ಬಿದ್ದ ಹಲ್ಲನ್ನು ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದರೆ ಹೊಸದು ಚೆನ್ನಾಗಿ ಬರುತ್ತದೆಂಬುದು ನಮ್ಮ ಮನೆಯ ನಂಬಿಕೆ. ಅತ್ತೆ ಸೆಗಣಿ ತಂದು ಕಾದರು. ಮಗಳು ಕೊಡಲಿಲ್ಲ. ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು, ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು.

ಕ್ಲಿನಿಕ್ಕಿನ ಶಟರು ಇಳಿದಿತ್ತು. ಅದರ ಮೇಲೆ ಅವರ ಫೋಟೋ, ಬಾಡಿದ ಹಾರ.

"ಗೊತ್ತಾಗ್ಲಿಲ್ವಾ ಅಕ್ಕಾ?" ಬೇಕರಿಯವನು ಹೊರಗೆ ಬಂದ. "ಮೊನ್ನೆ ಎದೆನೋವು ಅಂದ್ರಂತೆ. ಮಡಿಕೇರಿ ಆಸ್ಪತ್ರೆ ಮುಟ್ಲೇ ಇಲ್ಲ."

ಐವತ್ತೂ ಆಗಿರಲಿಲ್ಲ ಅವರಿಗೆ. ನಾನು ಬೇಕರಿಯ ಮೆಟ್ಟಿಲ ಮೇಲೆ ಕೂತೆ. ತಪ್ಪಾಯಿತು ಎಂಬ ಒಂದೇ ಮಾತು ಹೇಳದೆ ಉಳಿಯಿತು.

ಮಗಳು ಅಳಲಿಲ್ಲ. ಬೆಂಕಿಪೊಟ್ಟಣ ತೆರೆದು ಆ ಫೋಟೋದ ಎದುರು ಹಿಡಿದಳು. ಆಮೇಲೆ ರಸ್ತೆಯವರೆಗೆ ಹಿಂದೆ ಸರಿದು, ಹಲ್ಲನ್ನು ಕ್ಲಿನಿಕ್ಕಿನ ಮಾಡಿನ ಮೇಲೆ ಎಸೆದಳು. ತಗಡಿನ ಮೇಲೆ ಟಕ್ಕೆಂದಿತು. ಉರುಳಿ ಕೆಳಗೆ ಬಂದೀತೆಂದು ಇಬ್ಬರೂ ಕಾದೆವು. ಬರಲಿಲ್ಲ.